ಮದ್ದಿನ ಅಳತೆ

ಕಾಯಿಲೆಗೆ ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಆಗದವರು ಅನ್ನದಲ್ಲಿ ಕಲಸಿ ಹಾಕಿಬಿಡುತ್ತಾರೆಂದು ಹಳ್ಳಿಗಳಲ್ಲಿ ಹೆದರುವುದೂ ಮದ್ದೇ. ನಾನಾರ್ಥ ಪದಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಈ ಮೂರನ್ನೂ ಹೇಳುತ್ತೇನೆ. ಮೂರನೆಯದಕ್ಕೆ ಹೆಣ್ಣುಮಕ್ಕಳು ಕಿಸಕ್ಕನೆ ನಗುತ್ತಾರೆ, ಎರಡನೆಯದಕ್ಕೆ ಹುಡುಗರ ಕಣ್ಣು ಅರಳುತ್ತದೆ. ಮೂರಕ್ಕೂ ಸಮಾನವಾದ ಒಂದು ಸಂಗತಿ ಅಳತೆ. ಮದ್ದು ಕಾಯುತ್ತದೋ ಕೊಲ್ಲುತ್ತದೋ ಎಂಬುದು ಎಷ್ಟು ಹಾಕಿದ್ದೇವೆ ಎಂಬುದರ ಮೇಲೆ ನಿಂತಿದೆ. ಇವುಗಳಲ್ಲಿ ಬಂದೂಕಿನ ಮದ್ದಿನ ಅಳತೆಯ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇತಿಹಾಸ ಓದಿ ಮೇಷ್ಟರ ಕೆಲಸಕ್ಕೆ ಸೇರಿದ ಹೆಂಗಸಿಗೆ ಬಂದೂಕಿನ ಗೊಡವೆ ಏಕೆ ಎಂದು ಕೇಳುವವರು ಕೇಳಬಹುದು. ನಮ್ಮ ಮನೆತನದಲ್ಲಿ ಆ ಗೊಡವೆಗೆ ಕಾರಣವಿದೆ.

ನಮ್ಮದು ಮಾಗಡಿ ಸೀಮೆಯ ಗುಡೇಮಾರನಹಳ್ಳಿ. ರಾಗಿ, ಅವರೆ, ಕಡಲೆಕಾಯಿಯ ಹೊಲಗಳು. ಬೆಳೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳೂ ಬರುತ್ತವೆ. ಒಂದು ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಕಡಲೆಕಾಯಿ ಹೊಲ ಉತ್ತು ಹಾಕಿದ ಹಾಗಾಗಿರುತ್ತದೆ. ಹಾಗಾಗಿ ನಾನು ಚಿಕ್ಕವಳಿದ್ದಾಗ ಸುತ್ತಿನ ಊರುಗಳಲ್ಲಿ ಅಲ್ಲೊಬ್ಬರ ಇಲ್ಲೊಬ್ಬರ ಮನೆಯಲ್ಲಿ, ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಬಂದೂಕು ಇರುತ್ತಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ನಮ್ಮ ದೊಡ್ಡಪ್ಪನ ಮನೆಯಲ್ಲಿದ್ದದ್ದು ಬಾಯಿಯಿಂದ ತುಂಬುವ ಕೇಪಿನ ಬಂದೂಕು.

ಅದನ್ನು ತುಂಬುವುದು ಒಂದು ಕ್ರಮ. ಮೊದಲು ನಳಿಗೆಯ ಬಾಯಿಗೆ ಕರಿಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನು ಉಂಡೆ ಮಾಡಿ ಸಲಾಕೆಯಿಂದ ತಳದವರೆಗೆ ಒತ್ತಬೇಕು. ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಕುದುರೆಯ ಕೆಳಗೆ ಕೇಪು ಸಿಕ್ಕಿಸಬೇಕು. ದೊಡ್ಡಪ್ಪ ಮದ್ದು ಅಳೆಯುತ್ತಿದ್ದದ್ದು ಬಿದಿರಿನ ಒಂದು ಪುಟ್ಟ ಅಂಡೆಯಲ್ಲಿ. ಹೆಬ್ಬೆರಳಿನಷ್ಟು ಉದ್ದ, ಒಳಗೆಲ್ಲ ಕಪ್ಪು. ತುಂಬಿದ ಮೇಲೆ ಬೆರಳಿನಿಂದ ಅಂಚು ಸವರಿ ಸಮ ಮಾಡುತ್ತಿದ್ದರು. ‘ಮದ್ದು ಹಾಕೋದು ಕೈ ಅಲ್ಲ ಕಣವ್ವ, ಅಂಡೆ’ ಎನ್ನುತ್ತಿದ್ದರು. ಕೈಯನ್ನು ನಂಬಿದರೆ ಹೆದರಿಕೆ ಆದಾಗ ಜಾಸ್ತಿ ಸುರಿಯುತ್ತದೆ, ಜಿಪುಣತನ ಬಂದಾಗ ಕಡಿಮೆ ಸುರಿಯುತ್ತದೆ ಎಂಬುದು ಅವರ ಮಾತಿನ ಅರ್ಥ. ಸಲಾಕೆಯ ಮೇಲೆ ಅರದಿಂದ ಗೀರಿದ ಒಂದು ಗುರುತೂ ಇತ್ತು. ಖಾಲಿ ನಳಿಗೆಗೆ ಇಳಿಸಿದರೆ ಗುರುತು ಸರಿಯಾಗಿ ಬಾಯಿಗೆ ಬರುತ್ತದೆ. ಒಳಗೆ ಮದ್ದಿದ್ದರೆ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ತುಂಬುವ ಮುಂಚೆ ಕಡ್ಡಿ ಇಳಿಸಿ ನೋಡು ಎಂಬುದು ಆ ಮನೆಯ ಶಾಸನ.

ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ, ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ರಾತ್ರಿ ದೊಡ್ಡಪ್ಪ ಬಂದೂಕು ತುಂಬಿಕೊಂಡು ಅಟ್ಟಣೆಯ ಮೇಲೆ ಕೂತಿದ್ದರು. ಹಂದಿ ಬರಲಿಲ್ಲ. ಕೇಪು ತೆಗೆದು, ತುಂಬಿದ ಬಂದೂಕನ್ನು ಹಾಗೆಯೇ ತಂದು ಗೋಡೆಗೆ ಒರಗಿಸಿದರು. ಮಾರನೆಯ ದಿನ ಕತ್ತಲಾಗುವ ಹೊತ್ತಿಗೆ ಹಂದಿ ಇಳಿದಿವೆ ಎಂದು ಕೂಗಾಯಿತು. ಮನೆಯ ಇನ್ನೊಬ್ಬರು ಅವಸರದಲ್ಲಿ ಅದೇ ನಳಿಗೆಗೆ ಇನ್ನೊಂದು ಅಂಡೆ ಸುರಿದು, ನಾರು ಒತ್ತಿ, ಚರೆ ಹಾಕಿ ದೊಡ್ಡಪ್ಪನ ಕೈಗೆ ಕೊಟ್ಟರು. ಸಲಾಕೆ ಎಷ್ಟು ಮೇಲೆ ನಿಂತಿತೆಂದು ಆ ಕತ್ತಲಲ್ಲಿ ಯಾರೂ ನೋಡಲಿಲ್ಲ. ಹೊಲದ ಕಡೆಯಿಂದ ಕೇಳಿದ ಸದ್ದು ಎಂದಿನ ಸದ್ದಾಗಿರಲಿಲ್ಲ. ನಳಿಗೆ ಬುಡದಲ್ಲಿ ಸೀಳಿತ್ತು. ಎಡಗೈಯ ಎರಡು ಬೆರಳು ಹೋದವು. ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲೆ ದೊಡ್ಡಪ್ಪ ಒಡೆದ ಬಂದೂಕನ್ನೂ ಪರವಾನಗಿಯ ಪುಸ್ತಕವನ್ನೂ ಠಾಣೆಗೆ ಒಪ್ಪಿಸಿಬಿಟ್ಟರು. ಉಳಿದ ಮೂರು ಬೆರಳಿನಲ್ಲೇ ಮೇಳಿ ಹಿಡಿದು ಇನ್ನೂ ಇಪ್ಪತ್ತು ವರ್ಷ ಉತ್ತರು.

ಆ ದೊಡ್ಡಪ್ಪನ ಮಗಳೇ ನನ್ನ ಅಕ್ಕ. ಅಕ್ಕನ ಮಗಳು ಓದಿ ಅಮೆರಿಕಕ್ಕೆ ಹೋದವಳು ಟೆಕ್ಸಾಸ್‌ನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಳು. ಕೆಲಸ ಕಂಪ್ಯೂಟರಿನದು. ಭಾನುವಾರಗಳಲ್ಲಿ ಪಿಸ್ತೂಲಿನ ಪಂದ್ಯಗಳಿಗೆ ಹೋಗುತ್ತಾಳೆ, ತೋಟೆಗಳನ್ನು ಮನೆಯಲ್ಲಿ ತಾನೇ ತುಂಬಿಕೊಳ್ಳುತ್ತಾಳೆ ಎಂದು ತಿಳಿದಾಗ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 2024ರ ಬೇಸಿಗೆ ರಜೆಯಲ್ಲಿ ನಾನು ಅದೇ ಸೀಮೆಯಲ್ಲಿರುವ ಮಗನ ಮನೆಗೆ ಹೊರಟಾಗ ಅಕ್ಕ ಹುರಳಿಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟು, ‘ನಮ್ಮಪ್ಪನ ಕೈ ನೋಡ್ದೋಳು ನೀನು. ಅವಳು ಏನ್ ಮಾಡ್ತಾಳೆ ಅಂತ ಕಣ್ಣಾರೆ ನೋಡ್ಕೊಂಡು ಬಾ. ನಂಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳ್ಬೇಡ’ ಎಂದಳು. ಹೀಗೆ ನಾನು ಒಂದು ವಿಚಾರಣೆಯ ಹೊಣೆ ಹೊತ್ತು ವಿಮಾನ ಹತ್ತಿದೆ.

ತೋಟೆ ಎಂದರೆ ನಾಲ್ಕು ಸಾಮಾನುಗಳ ಕೂಟ: ಹಿತ್ತಾಳೆಯ ಚಿಪ್ಪು, ಅದರ ತಳಕ್ಕೆ ಪ್ರೈಮರ್ ಎಂಬ ಪುಟ್ಟ ಬಟ್ಟಲು, ಒಳಗೆ ಮದ್ದು, ಬಾಯಿಗೆ ಗುಂಡು. ನಮ್ಮ ಕೇಪು ಮಾಡುತ್ತಿದ್ದ ಕೆಲಸವನ್ನೇ ಪ್ರೈಮರ್ ಮಾಡುತ್ತದೆ. ಗುಂಡು ಹಾರಿದ ಮೇಲೆ ಚಿಪ್ಪು ಹಾಳಾಗುವುದಿಲ್ಲ. ಆರಿಸಿ ತಂದು, ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ಮತ್ತೆ ತೋಟೆ. ಅಮೆರಿಕದಲ್ಲಿ ಇದು ಸಾಮಾನ್ಯ ಹವ್ಯಾಸ. ಖರ್ಚು ಕಡಿಮೆಯಾಗುವುದು ಒಂದು ಲಾಭ. ತನ್ನ ಪಿಸ್ತೂಲಿಗೂ ತನ್ನ ಕೈಗೂ ಹೊಂದುವಂತೆ ಮಾಡಿಕೊಳ್ಳಬಹುದೆಂಬುದು ಇನ್ನೊಂದು.

ನಮ್ಮಲ್ಲಿ ಹಾಗೆ ಮನೆಯಲ್ಲಿ ಕೂತು ಮಾಡುವಂತಿಲ್ಲ. 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದಕ್ಕೆ ಲೈಸೆನ್ಸ್ ಬೇಕು. ಅಷ್ಟೇ ಅಲ್ಲ, ಪರೀಕ್ಷಿಸುವುದನ್ನೂ ಅದೇ ಕಲಮಿನಲ್ಲಿ ಸೇರಿಸಿದ್ದಾರೆ. ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ನಮ್ಮ ಪಿಸ್ತೂಲ್ ಪಟುಗಳು ಹೆಚ್ಚಾಗಿ ಹೆಸರು ಮಾಡಿರುವ 10 ಮೀಟರ್ ಪಂದ್ಯದಲ್ಲಂತೂ ಮದ್ದೇ ಇಲ್ಲ. ಒತ್ತಿದ ಗಾಳಿ 4.5 ಮಿಲಿಮೀಟರಿನ ಸೀಸದ ಗುಂಡನ್ನು ತಳ್ಳುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಅದರಲ್ಲಿ. ಹೀಗಾಗಿ ಮದ್ದು ತುಂಬಿ ವೇಗ ಅಳೆಯುವ ಕೆಲಸವನ್ನು ನೋಡಬೇಕಾದರೆ ಅದು ನಡೆಯುವ ಕಡೆಗೇ ಹೋಗಬೇಕು.

ಮಗಳ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಒಂದು ಮರದ ಮೇಜು, ಕೈಯಿಂದ ಒತ್ತುವ ಒಂದು ಯಂತ್ರ, ಒಂದು ತಕ್ಕಡಿ. ಮೇಜಿನ ಮೇಲೆ ಬೇರೆ ಏನೂ ಇಲ್ಲ. ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬಿ ಮೇಜಿನ ಮೇಲಿರಬೇಕು, ಎರಡು ಡಬ್ಬಿ ಇದ್ದರೆ ಕೈ ತಪ್ಪುತ್ತದೆ ಎಂದಳು. ತೂಕವನ್ನು ಗ್ರೈನ್ ಎಂಬ ಅಳತೆಯಲ್ಲಿ ಹೇಳುತ್ತಾಳೆ. ಗ್ರೈನ್ ಎಂದರೆ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನು ಅಳತೆಯಾಗಿಸಿಕೊಂಡ ಹಾಗೆ ಅವರ ಪೂರ್ವಿಕರು ಬಾರ್ಲಿ ಕಾಳನ್ನು ಮಾಡಿಕೊಂಡಿದ್ದರು. ಒಂದು ಗ್ರಾಂಗೆ ಹದಿನೈದೂವರೆ ಗ್ರೈನ್ ಸುಮಾರು. ಅವಳ 9 ಮಿಲಿಮೀಟರ್ ಪಿಸ್ತೂಲಿನ ಗುಂಡಿನ ತೂಕ 124 ಗ್ರೈನ್, ಅಂದರೆ ಎಂಟು ಗ್ರಾಂ, ಒಂದು ಸವರನ್ ಚಿನ್ನದಷ್ಟು. ಆ ಒಂದು ಸವರನ್ನನ್ನು ಓಡಿಸುವ ಮದ್ದು ಎರಡು ಎರಡೂವರೆ ಗುಲಗಂಜಿಯಷ್ಟು ಮಾತ್ರ. ನಮ್ಮ ಬಿದಿರಿನ ಅಂಡೆಯನ್ನು ಕಂಡಿದ್ದ ನನಗೆ ಇದನ್ನು ನಂಬುವುದೇ ಕಷ್ಟವಾಯಿತು.

ಪಂದ್ಯದ ನಿಯಮ ಹೀಗಿದೆ. ಗುಂಡಿನ ತೂಕವನ್ನು ಗ್ರೈನಿನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು, ಎರಡನ್ನೂ ಗುಣಿಸಿ 1000ದಿಂದ ಭಾಗಿಸಬೇಕು. ಬಂದ ಅಂಕಿಗೆ ಪವರ್ ಫ್ಯಾಕ್ಟರ್ ಎಂದು ಹೆಸರು. ಅವಳು ಆಡುವ ವರ್ಗದಲ್ಲಿ ಅದು 125ಕ್ಕೆ ಕಡಿಮೆ ಇರಬಾರದು. ಏಕೆಂದರೆ ಮದ್ದು ಕಡಿಮೆಯಾದಷ್ಟೂ ಪಿಸ್ತೂಲು ಕೈಯಲ್ಲಿ ಜಗ್ಗುವುದು ಕಡಿಮೆ, ಮುಂದಿನ ಗುರಿಗೆ ಬೇಗ ತಿರುಗಬಹುದು. ಎಲ್ಲರೂ ಪಟಾಕಿಯಂಥ ತೋಟೆ ತಂದರೆ ಆಟ ಕೆಟ್ಟಿತು. ಹಾಗೆಂದು ಬೇಕಾದ್ದಕ್ಕಿಂತ ಹೆಚ್ಚು ತುಂಬಿದರೆ ತನಗೇ ನಷ್ಟ. ಆದ್ದರಿಂದ ಎಲ್ಲರ ಕಣ್ಣೂ ಆ 125ರ ಗೆರೆಯ ಮೇಲೆ, ಅದಕ್ಕಿಂತ ತುಸು ಮೇಲಿನ ಜಾಗದ ಮೇಲೆ. ಅಮೆರಿಕದ ದೊಡ್ಡ ಪಂದ್ಯಗಳಲ್ಲಿ ಅಧಿಕಾರಿಗಳು ಸ್ಪರ್ಧಿಯ ತೋಟೆಗಳಲ್ಲಿ ಎಂಟನ್ನು ಎತ್ತಿಕೊಂಡು ಹೋಗುತ್ತಾರೆ. ಒಂದನ್ನು ಬಿಚ್ಚಿ ಗುಂಡನ್ನು ತೂಗುತ್ತಾರೆ, ಮೂರನ್ನು ಹಾರಿಸಿ ವೇಗದ ಸರಾಸರಿ ತೆಗೆಯುತ್ತಾರೆ. ಸಾಲದಿದ್ದರೆ ಇನ್ನೂ ಮೂರು. ಅಲ್ಲಿಯೂ ಗೆರೆ ಮುಟ್ಟದಿದ್ದರೆ ಆಡಬಹುದು, ಅಂಕ ಲೆಕ್ಕಕ್ಕಿಲ್ಲ.

ಕಣ್ಣಿಗೆ ಕಾಣದ ಗುಂಡಿನ ವೇಗವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಊರಿನಲ್ಲೇ ಹುಟ್ಟಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದ್ದೆ. ಅವರು ಉಯ್ಯಾಲೆಯ ಉದಾಹರಣೆ ಕೊಟ್ಟರು. ನಿಂತ ಉಯ್ಯಾಲೆಗೆ ಒಂದು ಮಗು ಓಡಿಬಂದು ಹಾರಿ ಕೂತರೆ ಉಯ್ಯಾಲೆ ಹಿಂದಕ್ಕೆ ಜೀಕುತ್ತದೆ. ಎಷ್ಟು ಎತ್ತರ ಜೀಕಿತು, ಮಗುವಿನ ತೂಕವೆಷ್ಟು, ಉಯ್ಯಾಲೆಯ ತೂಕವೆಷ್ಟು ಎಂದು ಗೊತ್ತಾದರೆ ಮಗು ಓಡಿಬಂದ ವೇಗವನ್ನು ಲೆಕ್ಕ ಹಾಕಬಹುದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಮಾಡಿದ್ದು ಇದನ್ನೇ. ಭಾರವಾದ ಲೋಲಕವನ್ನು ತೂಗುಹಾಕಿ, ಅದರ ಮರದ ಮುಖಕ್ಕೆ ಗುಂಡು ಹೊಡೆದು, ಅದು ಹಿಂದಕ್ಕೆ ಸರಿದದ್ದನ್ನು ಒಂದು ರಿಬ್ಬನ್ನಿನ ಎಳೆತದಿಂದ ಅಳೆದ. 1742ರಲ್ಲಿ ಪುಸ್ತಕ ಪ್ರಕಟಿಸಿದ. ಕೋವಿಯ ಗುಂಡು ಸೆಕೆಂಡಿಗೆ 1600 ಅಡಿಗೂ ಹೆಚ್ಚು ವೇಗದಲ್ಲಿ, ಅಂದರೆ ಸದ್ದಿಗಿಂತ ಮುಂದಾಗಿ ಓಡುತ್ತದೆಂದು ಲೋಕಕ್ಕೆ ಲೆಕ್ಕ ಸಿಕ್ಕಿತು. ಇತಿಹಾಸದವಳಾದ ನನಗೆ ಇದರಲ್ಲಿ ಹಿಡಿಸಿದ ಸಂಗತಿ ಬೇರೆ. ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ 1750ರಲ್ಲಿ ನಮ್ಮ ದೇಶಕ್ಕೇ ಬಂದ. 1751ರಲ್ಲಿ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಅಲ್ಲಿಂದಾಚೆ 1860ರ ದಶಕದಲ್ಲಿ ಬೆಲ್ಜಿಯಂನ ಸೇನಾಧಿಕಾರಿ ಲೆ ಬೂಲಾಂಜೆ ವಿದ್ಯುತ್ತಿನ ಉಪಾಯ ಕಂಡುಹಿಡಿದ. ಗುಂಡು ದಾರಿಯಲ್ಲಿ ಎರಡು ತಂತಿಗಳನ್ನು ಒಂದಾದ ಮೇಲೊಂದು ಕಡಿಯುತ್ತದೆ. ಎರಡು ಕಡಿತಗಳ ನಡುವಿನ ಕಾಲ ಸಿಕ್ಕರೆ ವೇಗ ಸಿಕ್ಕಿತು. ಮುಂದೆ ತಂತಿಯ ಜಾಗಕ್ಕೆ ಬೆಳಕಿನ ಕಣ್ಣುಗಳು ಬಂದವು. ಗುಂಡಿನ ನೆರಳು ಎರಡು ಕಣ್ಣುಗಳನ್ನು ದಾಟುವ ಕಾಲವನ್ನು ಯಂತ್ರ ಎಣಿಸುತ್ತದೆ. ಈಗ ಅಂಗೈ ಅಗಲದ ರೇಡಾರ್ ಪೆಟ್ಟಿಗೆಗಳು ಬಂದಿವೆ. ಪಕ್ಕದಲ್ಲಿಟ್ಟರೆ ಸಾಕು. ಹೆದ್ದಾರಿಯಲ್ಲಿ ಪೊಲೀಸರು ಕಾರಿನ ವೇಗ ಹಿಡಿಯುವ ಹಾಗೆ ಗುಂಡಿನ ವೇಗ ಹಿಡಿಯುತ್ತವೆ.

ಮಗಳ ಹತ್ತಿರ ಇದ್ದದ್ದು ಅಂಥದು. ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಊರ ಹೊರಗಿನ ಗುಂಡಿನ ಮೈದಾನಕ್ಕೆ ಕರೆದುಕೊಂಡು ಹೋದಳು. ಎದುರಿಗೆ ಎತ್ತರವಾದ ಮಣ್ಣಿನ ದಿಬ್ಬ. ‘ಚಿಕ್ಕಮ್ಮ, ಕಿವಿಗೆ ಇದನ್ನ ಹಾಕ್ಕೋ, ಕನ್ನಡಕದ ಮೇಲೆ ಇದನ್ನ. ನಾನು ಹೇಳೋವರೆಗೂ ಗೆರೆ ದಾಟ್ಬೇಡ’ ಎಂದಳು. ನನ್ನನ್ನು ಕೂರಿಸಿ ಕೈಗೆ ನೋಟು ಪುಸ್ತಕ ಕೊಟ್ಟಳು. ಹತ್ತು ಗುಂಡು ಹೊಡೆದಳು. ಪ್ರತಿಯೊಂದಕ್ಕೂ ಪೆಟ್ಟಿಗೆ ತೋರಿಸಿದ ಅಂಕಿಯನ್ನು ನಾನು ಬರೆದುಕೊಂಡೆ: 1042, 1055, 1048, 1061, 1050, 1039, 1053, 1047, 1058, 1047. ಕೂಡಿದರೆ 10,500. ಸರಾಸರಿ 1050. 124ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 130.2. ಗೆರೆ ದಾಟಿ ಐದು ಹೆಜ್ಜೆ ಆಚೆ. ‘ಪಾಸಾದೆಯಲ್ಲೇ’ ಎಂದೆ.

ಅವಳು ಸರಾಸರಿಯ ಕಡೆ ನೋಡಲೇ ಇಲ್ಲ. ಅತಿ ಹೆಚ್ಚು 1061, ಅತಿ ಕಡಿಮೆ 1039, ನಡುವೆ 22 ಎಂದು ಗುರುತು ಹಾಕಿಕೊಂಡಳು. ಕಾರಣ ಕೇಳಿದಾಗ ಅವಳು ಹೇಳಿದ್ದು ನನಗೆ ತಟ್ಟನೆ ಹಿಡಿಯಿತು. ಇನ್ನೊಬ್ಬನ ತೋಟೆಗಳ ಸರಾಸರಿಯೂ 1050 ಇರಬಹುದು, ಆದರೆ ಅವು 960ರಿಂದ 1140ರವರೆಗೆ ಹರಡಿದ್ದರೆ? ಅಧಿಕಾರಿ ಎತ್ತಿದ ಮೂರು 985, 1002, 1010 ಆಗಿಬಿಟ್ಟರೆ ಸರಾಸರಿ 999ಕ್ಕೆ ಇಳಿಯಿತು, ಪವರ್ ಫ್ಯಾಕ್ಟರ್ 123.9ಕ್ಕೆ ಬಂತು. ಅದೇ ಡಬ್ಬಿ, ಅದೇ ಮದ್ದು, ಅದೇ ಸರಾಸರಿ. ಕೈ ಮಾತ್ರ ಒಂದೇ ಸಮ ಇಲ್ಲ.

ಪ್ರತಿ ವರ್ಷ ಫಲಿತಾಂಶ ಬಂದಾಗ ಶಾಲೆಯ ಸರಾಸರಿ ಎಷ್ಟು ಎಂದು ಮೇಲಿನವರು ಕೇಳುತ್ತಾರೆ. ಎರಡು ತರಗತಿಗಳ ಸರಾಸರಿಯೂ ಅರವತ್ತೇ ಇರಬಹುದು. ಒಂದರಲ್ಲಿ ಎಲ್ಲ ಮಕ್ಕಳೂ ಐವತ್ತೈದು ಅರವತ್ತೈದರ ನಡುವೆ ಇರುತ್ತಾರೆ. ಇನ್ನೊಂದರಲ್ಲಿ ತೊಂಬತ್ತೈದು ತೆಗೆದ ನಾಲ್ವರ ಬೆನ್ನ ಹಿಂದೆ ಹದಿನೈದು ತೆಗೆದ ನಾಲ್ವರು ಅಡಗಿ ಕೂತಿರುತ್ತಾರೆ. ಪಾಠ ಎಲ್ಲರಿಗೂ ಮುಟ್ಟಿದೆಯೇ ಎಂದು ತಿಳಿಯಬೇಕಾದರೆ ಹೆಚ್ಚು ಕಡಿಮೆಯ ನಡುವಿನ ಅಂತರ ನೋಡಬೇಕು. ಈ ವಿಷಯವನ್ನು ನಮ್ಮ ಸಭೆಗಳಲ್ಲಿ ಬಾಯಿಬಿಟ್ಟು ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಪಿಸ್ತೂಲಿನ ಮೈದಾನದಲ್ಲಿ ಕೇಳಿದೆ.

ಆದರೆ ಅಕ್ಕ ನನ್ನನ್ನು ಕಳಿಸಿದ್ದು ಪಂದ್ಯದ ಲೆಕ್ಕಕ್ಕಲ್ಲ. ಮನೆಗೆ ಬಂದ ಮೇಲೆ ನೇರವಾಗಿಯೇ ಕೇಳಿದೆ: ‘ಎರಡು ಸಲ ಮದ್ದು ಬಿದ್ದರೆ ಈ ಪೆಟ್ಟಿಗೆ ಹೇಳುತ್ತದೇನೇ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಹೇಳುತ್ತೆ ಚಿಕ್ಕಮ್ಮ. ಆದ್ರೆ ಗುಂಡು ಹೋದ್ಮೇಲೆ.’

ಪಿಸ್ತೂಲಿನ ತೋಟೆಯ ಅಪಾಯ ಇರುವುದೇ ಇಲ್ಲಿ. ಮದ್ದು ಎಷ್ಟು ಸ್ವಲ್ಪವೆಂದರೆ ಚಿಪ್ಪಿನ ಒಳಗೆ ಇನ್ನೂ ಜಾಗ ಉಳಿದಿರುತ್ತದೆ. ಕೆಲವು ಮದ್ದುಗಳಲ್ಲಿ ಎರಡು ಅಳತೆ ಬಿದ್ದರೂ ತುಳುಕುವುದಿಲ್ಲ. ಮೇಲೆ ಗುಂಡು ಕೂತುಬಿಟ್ಟರೆ ಹೊರಗಿನಿಂದ ಯಾವ ಗುರುತೂ ಇಲ್ಲ. ಹಾರಿಸಿದಾಗ ಪಿಸ್ತೂಲು ಸೀಳಬಹುದು, ಹಿಡಿದ ಕೈ ಹೋಗಬಹುದು. ಮದ್ದು ಬೀಳದೆ ಹೋದದ್ದೂ ಅಷ್ಟೇ ಕೆಟ್ಟದ್ದು. ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಕೂತುಬಿಡುತ್ತದೆ. ಸದ್ದು ಟುಸ್ಸೆಂದದ್ದನ್ನು ಗಮನಿಸದೆ ಇನ್ನೊಂದು ಹೊಡೆದರೆ ಅದು ಮೊದಲಿನದಕ್ಕೆ ಬಡಿಯುತ್ತದೆ. ಹತ್ತು ತೋಟೆ ಹೊಡೆದು ವೇಗ ನೋಡಿದರೆ ತುಂಬುವ ಕ್ರಮ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಡಬ್ಬಿಯಲ್ಲಿ ಉಳಿದಿರುವ ಹನ್ನೊಂದನೆಯದರ ಹೊಟ್ಟೆಯಲ್ಲಿ ಏನಿದೆ ಎಂದು ಯಾವ ಯಂತ್ರದ ಅಂಕಿಯೂ ಹೇಳಲಾರದು.

‘ಮತ್ತೆ ಏನು ಮಾಡ್ತೀಯ?’ ಎಂದೆ. ಆ ರಾತ್ರಿ ನನ್ನನ್ನು ಮೇಜಿನ ಮುಂದೆ ಕೂರಿಸಿಕೊಂಡು ತೋರಿಸಿದಳು. ಸಾಲಾಗಿ ತೂತು ಕೊರೆದ ಒಂದು ಮರದ ಹಲಗೆ. ಅದರಲ್ಲಿ ಐವತ್ತು ಚಿಪ್ಪುಗಳು, ಬಾಯಿ ಮೇಲೆ ಮಾಡಿ. ಒಂದೊಂದಕ್ಕೂ ಅಳತೆಯ ಮದ್ದು ಬಿದ್ದಾಗಿತ್ತು. ಗುಂಡು ಕೂರಿಸುವ ಮೊದಲು ದೀಪವನ್ನು ತಗ್ಗಿಸಿ ಐವತ್ತರೊಳಗೂ ಒಂದೊಂದಾಗಿ ಇಣುಕಿ ನೋಡಿದಳು. ‘ನೀನು ಕಾಪಿ ತಿದ್ದೋ ಕಣ್ಣಲ್ಲಿ ಒಂದ್ಸಲ ನೋಡು’ ಎಂದಳು. ನೋಡಿದೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಒಂದೇ ಎತ್ತರದ ಮಕ್ಕಳ ಹಾಗೆ ಕಂಡವು. ಮೂರನೆಯ ಸಾಲಿನ ಒಂದು ಮಾತ್ರ ತುಸು ಮೇಲಿದೆ ಅನ್ನಿಸಿತು. ಹೇಳಿದೆ. ಅದನ್ನು ತೆಗೆದು ಮದ್ದನ್ನು ತಕ್ಕಡಿಗೆ ಸುರಿದಳು. ತೂಕ ಸರಿಯಾಗಿಯೇ ಇತ್ತು, ದೀಪದ ನೆರಳು ನನ್ನ ಕಣ್ಣಿಗೆ ಹಾಗೆ ತೋರಿತ್ತು. ಆದರೂ ಅದನ್ನು ಡಬ್ಬಿಗೆ ವಾಪಸು ಸುರಿದು ಹೊಸದಾಗಿ ಅಳೆದು ಹಾಕಿದಳು. ನನ್ನ ಅನುಮಾನಕ್ಕೆ ನಗಲಿಲ್ಲ. ಆ ಹೊತ್ತಿನಲ್ಲಿ ಫೋನು ಬಂತು, ಎತ್ತಲಿಲ್ಲ. ಐವತ್ತೂ ಮುಗಿಯುವವರೆಗೆ ನನ್ನ ಜೊತೆಗೂ ಮಾತಾಡಲಿಲ್ಲ.

ನನಗೆ ಬಂದೂಕಿನ ಮೇಲೆ ಇದರಿಂದ ಪ್ರೀತಿ ಹುಟ್ಟಿತೆಂದು ಹೇಳಲಾರೆ. ದೊಡ್ಡಪ್ಪ ಉಣ್ಣುವಾಗ ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಆದರೆ ಕೈಯನ್ನು ನಂಬಬೇಡ, ಅಂಡೆಯನ್ನು ನಂಬು ಎಂದ ಅವರ ಮಾತನ್ನು ಅವರ ಮೊಮ್ಮಗಳು ಕೇಳಿರಲಿಲ್ಲ. ಅವಳು ಹುಟ್ಟಿದ್ದು ಬಂದೂಕು ಠಾಣೆ ಸೇರಿದ ಎಷ್ಟೋ ವರ್ಷಗಳ ಮೇಲೆ. ಆದರೂ ಅಂಡೆಯನ್ನೂ ಪೂರ್ತಿ ನಂಬದೆ ತಕ್ಕಡಿಯನ್ನು, ತಕ್ಕಡಿಯ ಮೇಲೆ ವೇಗದ ಪೆಟ್ಟಿಗೆಯನ್ನು, ಎಲ್ಲಕ್ಕೂ ಕೊನೆಗೆ ದೀಪದ ಕೆಳಗಿನ ಕಣ್ಣನ್ನು ಒಂದರ ಬೆನ್ನಿಗೊಂದು ಕಾವಲಿಟ್ಟಿದ್ದಾಳೆ. ಅಪಾಯ ಪೂರ್ತಿ ಇಲ್ಲವಾಗಿಲ್ಲ. ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿದೆ.

ಮಾರನೆಯ ಬೆಳಿಗ್ಗೆ, ಊರಿನಲ್ಲಿ ಸಂಜೆಯಾಗುವ ಹೊತ್ತಿಗೆ, ಅಕ್ಕನಿಗೆ ಫೋನು ಮಾಡಿದೆ. ವೇಗ, ಸರಾಸರಿ, ರೇಡಾರ್ ಎಲ್ಲ ಹೇಳಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳೇ ಹೊರತು ದನಿಯಲ್ಲಿ ಸಮಾಧಾನವಿರಲಿಲ್ಲ. ಆಮೇಲೆ ಮರದ ಹಲಗೆಯ ವಿಷಯ, ಐವತ್ತರೊಳಗೂ ಇಣುಕಿ ನೋಡಿದ್ದು, ನನ್ನ ಅನುಮಾನಕ್ಕಾಗಿ ಸರಿಯಿದ್ದದ್ದನ್ನೂ ಸುರಿದು ಹೊಸದಾಗಿ ತುಂಬಿದ್ದು ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

‘ಹಂಗಾದ್ರೆ ಕಡ್ಡಿ ಇಳ್ಸಿ ನೋಡ್ತಾಳೆ ಅನ್ನು’ ಎಂದಳು ಅಕ್ಕ.